ಚಪ್ಪರ ಒಬ್ಬರದು, ಜಾಗಟೆ ಇನ್ನೊಬ್ಬರದು: ಹವಾಮಾನ ಸಮ್ಮೇಳನವನ್ನು ದೇಶಗಳು ಸೇರಿ ನಡೆಸುವ ಬಗೆ

ಎಲ್ಲೋ ದೂರದ ಜಿನೀವಾದಲ್ಲಿ ನಡೆಯುವ ಸಭೆಗೂ ನಮ್ಮ ಗುಡ್ಡದ ಬುಡದ ಮನೆಗೂ ಏನು ಸಂಬಂಧ ಅಂತ ಕಾಸರಗೋಡಿನವರು ಕೇಳುವುದಿಲ್ಲ. ಅದನ್ನು ನಾವು ಕಷ್ಟಪಟ್ಟೇ ತಿಳಿದುಕೊಂಡಿದ್ದೇವೆ. ಎಣ್ಮಕಜೆ ಪಂಚಾಯತಿನ ಪಡ್ರೆ, ಸ್ವರ್ಗದಂಥ ಊರುಗಳ ಗೇರುತೋಟಗಳ ಮೇಲೆ ಎರಡು ದಶಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸುರಿದರು. 2011ರ ಏಪ್ರಿಲ್ ಕೊನೆಯ ವಾರ ಆ ವಿಷವನ್ನು ಜಗತ್ತಿನಿಂದಲೇ ತೆಗೆಯಬೇಕೋ ಬೇಡವೋ ಅಂತ ತೀರ್ಮಾನಿಸಲು ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಜಿನೀವಾದಲ್ಲಿ ಸೇರಿದವು. ಭಾರತ ಸರ್ಕಾರ ಮೊದಲು ನಿಷೇಧಕ್ಕೆ ಒಪ್ಪಿರಲಿಲ್ಲ. ಆಗ ಕೇರಳದ ಮುಖ್ಯಮಂತ್ರಿಯಾಗಿದ್ದ ವಿ.ಎಸ್. ಅಚ್ಯುತಾನಂದನ್ ತಿರುವನಂತಪುರದಲ್ಲಿ ಒಂದು ದಿನ ಉಪವಾಸ ಕುಳಿತರು. ಕೊನೆಗೆ ಕೆಲವು ಬೆಳೆಗಳಿಗೆ ವಿನಾಯಿತಿ ಕೇಳಿ ಪಡೆದು ಭಾರತವೂ ಒಪ್ಪಿತು. ಎಂಡೋಸಲ್ಫಾನ್ ನಿಷೇಧದ ಪಟ್ಟಿಗೆ ಸೇರಿತು.

ಹೀಗೆ ಒಂದು ಒಪ್ಪಂದದಲ್ಲಿರುವ ದೇಶಗಳೆಲ್ಲ ಸೇರುವ ಸಭೆಯನ್ನು ಸುದ್ದಿಯಲ್ಲಿ ‘ಕಾಪ್’ ಅಂತ ಕರೆಯುತ್ತಾರೆ. ಎಂಡೋಸಲ್ಫಾನ್ ಬಗ್ಗೆ ಆದದ್ದೂ ಒಂದು ಕಾಪ್. ಹವಾಮಾನ ಬದಲಾವಣೆಯದ್ದು ಅದಕ್ಕಿಂತ ಎಷ್ಟೋ ದೊಡ್ಡದು, ಪ್ರತಿ ವರ್ಷ ನಡೆಯುವಂಥದ್ದು. ನಮಗೆ ಅದರಲ್ಲಿ ಆಗಬೇಕಾದ ಕೆಲಸ ಜಾಸ್ತಿಯೇ ಇದೆ. ಮಳೆ ಬಿಡದೆ ಹೊಡೆದರೆ ಅಡಿಕೆಗೆ ಕೊಳೆರೋಗ. ಮೈಲುತುತ್ತು, ಸುಣ್ಣ ಎಲ್ಲ ತಂದಿಟ್ಟರೂ ಮದ್ದು ಬಿಡಲು ಎರಡು ದಿನ ಬಿಸಿಲು ಸಿಗಬೇಕಲ್ವಾ? ಇತ್ತ ಮುಸೋಡಿಯ ಕಡೆ ಕಡಲ್ಕೊರೆತ.

ಇಷ್ಟು ಮುಖ್ಯವಾದ ಸಭೆಯನ್ನು ಯಾವ ದೇಶ ನಡೆಸಬೇಕು ಅಂತ ಯಾರು ತೀರ್ಮಾನಿಸುತ್ತಾರೆ? ಖರ್ಚು ಯಾರದು? ಒಂದು ದೇಶ ಜಾಗ ಕೊಟ್ಟು ಇನ್ನೊಂದು ದೇಶ ಸಭೆ ನಡೆಸುವುದು ಇತ್ತೀಚೆಗೆ ಮತ್ತೆ ಮತ್ತೆ ಆಗುತ್ತಿದೆ. ಅದು ಹೇಗೆ, ಯಾಕೆ? ಆತಿಥ್ಯದ ಸುದ್ದಿ ಬಂದಾಗ ಹೆಚ್ಚಿನವರು ಅದನ್ನು ಒಲಿಂಪಿಕ್ಸ್ ಸುದ್ದಿ ಓದಿದ ಹಾಗೆ ಓದಿ ಬಿಡುತ್ತಾರೆ. ನನ್ನ ಪ್ರಕಾರ ಒಳಗೆ ಏನು ತೀರ್ಮಾನ ಆಗುತ್ತದೆ ಅನ್ನುವುದರ ಅರ್ಧ ಅಲ್ಲೇ ಇದೆ.

ಸರದಿ ಹೇಗೆ ಬರುತ್ತದೆ

1992ರಲ್ಲಿ ಬ್ರೆಜಿಲಿನ ರಿಯೊ ನಗರದಲ್ಲಿ ವಿಶ್ವಸಂಸ್ಥೆಯ ಹವಾಮಾನ ಒಪ್ಪಂದಕ್ಕೆ ದೇಶಗಳು ಸಹಿ ಹಾಕಲು ಶುರು ಮಾಡಿದವು. 1994ರ ಮಾರ್ಚ್ 21ರಂದು ಅದು ಜಾರಿಗೆ ಬಂತು. ಈಗ ಅದರಲ್ಲಿ 198 ಸದಸ್ಯರಿದ್ದಾರೆ: 197 ದೇಶ, ಜೊತೆಗೆ ಐರೋಪ್ಯ ಒಕ್ಕೂಟ. ಮೊದಲ ಕಾಪ್ 1995ರಲ್ಲಿ ಬರ್ಲಿನ್ನಿನಲ್ಲಿ ನಡೆಯಿತು. ಆಗ ಜರ್ಮನಿಯ ಪರಿಸರ ಸಚಿವೆಯಾಗಿದ್ದ ಆಂಗೆಲಾ ಮರ್ಕೆಲ್ ಅದರ ಅಧ್ಯಕ್ಷರು. ಒಪ್ಪಂದದ ಕಚೇರಿ ಇರುವುದು ಜರ್ಮನಿಯ ಬಾನ್ ನಗರದಲ್ಲಿ. ಈ ಬಾನ್ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಹಲವು ಸಲ ಬರುತ್ತದೆ.

ವಿಶ್ವಸಂಸ್ಥೆಯಲ್ಲಿ ದೇಶಗಳ ಐದು ಗುಂಪುಗಳಿವೆ. ಆಫ್ರಿಕಾ, ಏಷ್ಯಾ ಮತ್ತು ಪೆಸಿಫಿಕ್, ಪೂರ್ವ ಯುರೋಪ್, ಲ್ಯಾಟಿನ್ ಅಮೆರಿಕ ಮತ್ತು ಕೆರಿಬಿಯನ್, ಪಶ್ಚಿಮ ಯುರೋಪ್ ಮತ್ತು ಇತರರು. ಈ ಕೊನೆಯ ‘ಇತರರು’ ಅನ್ನುವಲ್ಲಿ ಆಸ್ಟ್ರೇಲಿಯಾ, ಕೆನಡಾದಂಥ ದೇಶಗಳು ಸೇರುತ್ತವೆ. ಟರ್ಕಿಯೂ ಇಲ್ಲೇ ಇದೆ. ಭಾರತ ಏಷ್ಯಾ ಗುಂಪಿನಲ್ಲಿದೆ. ಆತಿಥ್ಯ ಈ ಐದು ಗುಂಪುಗಳ ನಡುವೆ ಸರದಿಯಲ್ಲಿ ತಿರುಗುತ್ತದೆ. 2023ರಲ್ಲಿ ಏಷ್ಯಾದ ಸರದಿ, ದುಬೈಯಲ್ಲಿ ಆಯಿತು. 2024ರಲ್ಲಿ ಪೂರ್ವ ಯುರೋಪ್, ಬಾಕುವಿನಲ್ಲಿ. 2025ರಲ್ಲಿ ಲ್ಯಾಟಿನ್ ಅಮೆರಿಕ, ಬ್ರೆಜಿಲಿನ ಬೆಲೆಮ್‌ನಲ್ಲಿ. 2026ರದ್ದು ಟರ್ಕಿಯ ಅಂಟಾಲ್ಯ. 2027ರದ್ದು ಇಥಿಯೋಪಿಯಾದ ಅಡಿಸ್ ಅಬಾಬಾ.

ಗುಂಪಿಗೆ ಸರದಿ ಬಂದರೆ ಸಾಲದು. ಗುಂಪಿನೊಳಗೆ ಯಾವ ದೇಶ ಅನ್ನುವುದಕ್ಕೆ ಎಲ್ಲರೂ ಒಪ್ಪಬೇಕು. ಮತ ಹಾಕಿ ಮುಗಿಸುವ ದಾರಿ ಇಲ್ಲ. ಈ ಸಮ್ಮೇಳನದ ಕಥೆಯೇ ಹಾಗೆ. ಇದರ ನಡಾವಳಿ ನಿಯಮಗಳು ಇವತ್ತಿಗೂ ಕರಡು ರೂಪದಲ್ಲೇ ಇವೆ. ಯಾವಾಗ ಮತಕ್ಕೆ ಹಾಕಬಹುದು ಅನ್ನುವ ಒಂದು ನಿಯಮದ ಬಗ್ಗೆ ದೇಶಗಳಿಗೆ ಒಮ್ಮತ ಬರಲೇ ಇಲ್ಲ. ಆ ಒಂದನ್ನು ಬದಿಗಿಟ್ಟು ಉಳಿದ ಕರಡನ್ನೇ ವರ್ಷ ವರ್ಷ ಅನ್ವಯಿಸುತ್ತಾ ಬಂದಿದ್ದಾರೆ. ಹಾಗಾಗಿ ಇಲ್ಲಿ ಎಲ್ಲವೂ ಒಮ್ಮತದ ಮೇಲೆ ನಿಂತಿದೆ. ಒಬ್ಬರು ಕೈ ಅಡ್ಡ ಇಟ್ಟರೂ ಕೆಲಸ ನಿಂತಿತು.

ಯಾರೂ ಮುಂದೆ ಬರದಿದ್ದರೆ, ಅಥವಾ ಗುಂಪಿನಲ್ಲಿ ಜಗಳ ಬಗೆಹರಿಯದಿದ್ದರೆ, ಸಮ್ಮೇಳನ ಕಚೇರಿ ಇರುವ ಬಾನ್ ನಗರಕ್ಕೆ ಹೋಗುತ್ತದೆ. ಅದು ನಿಯಮ.

2024ರ ಬಾಕು ಸಮ್ಮೇಳನದ ಹಿಂದಿನ ಕಥೆ ಇದಕ್ಕೆ ಒಳ್ಳೆಯ ಉದಾಹರಣೆ. ಪೂರ್ವ ಯುರೋಪಿನ ಗುಂಪಿನಲ್ಲಿ ರಷ್ಯಾ ಇದೆ, ಐರೋಪ್ಯ ಒಕ್ಕೂಟದ ಬಲ್ಗೇರಿಯಾದಂಥ ದೇಶಗಳೂ ಇವೆ. ಉಕ್ರೇನ್ ಯುದ್ಧ ನಡೆಯುತ್ತಿದ್ದ ಹೊತ್ತು. ಒಕ್ಕೂಟದ ಯಾವ ದೇಶಕ್ಕೂ ರಷ್ಯಾ ಒಪ್ಪಲಿಲ್ಲ. ಉಳಿದ ಅರ್ಮೇನಿಯಾ, ಅಜರ್‌ಬೈಜಾನ್ ಒಂದಕ್ಕೊಂದು ಆಗದ ದೇಶಗಳು, ಯುದ್ಧ ಮಾಡಿದವು. ಆದರೆ 2023ರ ಡಿಸೆಂಬರಿನಲ್ಲಿ, ದುಬೈ ಸಮ್ಮೇಳನ ನಡೆಯುತ್ತಿರುವಾಗಲೇ, ಈ ಎರಡೂ ಒಂದು ಜಂಟಿ ಹೇಳಿಕೆ ಹೊರಡಿಸಿದವು. ಅಜರ್‌ಬೈಜಾನ್ 32 ಅರ್ಮೇನಿಯನ್ ಸೈನಿಕರನ್ನು ಬಿಡುವುದು, ಅರ್ಮೇನಿಯಾ 2 ಅಜರ್‌ಬೈಜಾನಿ ಸೈನಿಕರನ್ನು ಬಿಡುವುದು. ಅದರ ಜೊತೆಗೇ ಅರ್ಮೇನಿಯಾ ಆತಿಥ್ಯದ ಕೋರಿಕೆ ಹಿಂದಕ್ಕೆ ತೆಗೆದುಕೊಂಡು ಅಜರ್‌ಬೈಜಾನನ್ನು ಬೆಂಬಲಿಸಿತು. ಸೆರೆಯಾಳುಗಳು ಮನೆಗೆ ಹೋದರು, ಸಮ್ಮೇಳನಕ್ಕೆ ಊರು ಸಿಕ್ಕಿತು. ಶತ್ರುಗಳ ನಡುವೆ ಇಷ್ಟಾದರೂ ನಡೆಯಿತಲ್ಲ ಅಂತ ನನಗೆ ಸಮಾಧಾನ ಆದ ಸುದ್ದಿ ಅದು. ಆದರೆ ಅಷ್ಟು ದೊಡ್ಡ ಸಮ್ಮೇಳನದ ತಯಾರಿಗೆ ಬಾಕುವಿಗೆ ಉಳಿದದ್ದು ಒಂದು ವರ್ಷಕ್ಕಿಂತಲೂ ಕಡಿಮೆ.

ಆತಿಥೇಯರ ತಲೆ ಮೇಲೆ ಏನೇನು

ಆತಿಥೇಯ ದೇಶ ವಿಶ್ವಸಂಸ್ಥೆಯ ಜೊತೆ ಒಂದು ಕರಾರು ಮಾಡಿಕೊಳ್ಳಬೇಕು. ಬರುವವರಿಗೆಲ್ಲ ವೀಸಾ ಕೊಡಬೇಕು. ಆತಿಥೇಯರಿಗೆ ಆಗದ ದೇಶದವರಿಗೂ ಕೊಡಬೇಕು. ಪ್ರತಿನಿಧಿಗಳಿಗೆ ರಾಜತಾಂತ್ರಿಕ ರಕ್ಷಣೆ ಇರಬೇಕು. ಸಭಾಂಗಣ, ಭದ್ರತೆ, ಬಸ್ಸು, ಅನುವಾದಕರ ಕೋಣೆಗಳು, ಇಂಟರ್‌ನೆಟ್ ಎಲ್ಲ ಆಗಬೇಕು. ಕಚೇರಿ ಇರುವ ಬಾನ್ ಬಿಟ್ಟು ಬೇರೆ ಕಡೆ ನಡೆಸುವುದರಿಂದ ಬೀಳುವ ಹೆಚ್ಚುವರಿ ಖರ್ಚೂ ಆತಿಥೇಯರದ್ದೇ.

ಸಮ್ಮೇಳನದ ಜಾಗದಲ್ಲಿ ಎರಡು ಭಾಗ ಮಾಡುತ್ತಾರೆ. ಮಾತುಕತೆ ನಡೆಯುವುದು ನೀಲಿ ವಲಯದಲ್ಲಿ. ಅದು ಯಾವ ದೇಶದ ನೆಲದ ಮೇಲಿದ್ದರೂ ಆ ಎರಡು ವಾರ ವಿಶ್ವಸಂಸ್ಥೆಯ ಕೈಯಲ್ಲಿರುತ್ತದೆ. ಒಳಗಿನ ಕಾವಲೂ ಅವರದ್ದೇ. ಜನಸಾಮಾನ್ಯರು, ವಸ್ತುಪ್ರದರ್ಶನ, ಕಂಪನಿಗಳು, ಶಾಲಾ ಮಕ್ಕಳು ಬರುವುದು ಹಸಿರು ವಲಯಕ್ಕೆ. ಅದನ್ನು ಆತಿಥೇಯ ದೇಶ ನೋಡಿಕೊಳ್ಳುತ್ತದೆ. ಈ ಗೆರೆ ಬರೀ ಕಾಗದದ ಮೇಲಿನದ್ದಲ್ಲ. 2025ರ ನವೆಂಬರ್ 20ರಂದು ಬೆಲೆಮ್‌ನ ನೀಲಿ ವಲಯದ ಮಳಿಗೆಯೊಂದರಲ್ಲಿ ಬೆಂಕಿ ಹತ್ತಿಕೊಂಡಿತು. ಸಾವಿರಾರು ಜನ ಹೊರಗೆ ಓಡಿದರು. ಆಗ ಆ ಜಾಗದ ಅಧಿಕಾರ ಸ್ವಲ್ಪ ಹೊತ್ತು ಬ್ರೆಜಿಲಿನ ಕೈಗೆ ಹೋಯಿತು. ಅಲ್ಲಿನ ಅಗ್ನಿಶಾಮಕ ದಳ ಪರೀಕ್ಷೆ ಮಾಡಿ ಸರಿಯಿದೆ ಅಂದ ಮೇಲೆ ಮತ್ತೆ ವಿಶ್ವಸಂಸ್ಥೆಗೆ ಬಂತು. ಆ ರಾತ್ರಿಯೇ ಬಾಗಿಲು ತೆರೆಯಿತು, ಮಾತುಕತೆ ಮುಂದುವರಿಯಿತು.

ಇದೇ ಬೆಲೆಮ್‌ನಲ್ಲಿ ಉಳಿಯುವ ಜಾಗದ್ದು ದೊಡ್ಡ ತಲೆನೋವಾಗಿತ್ತು. ಅಮೆಜಾನ್ ಕಾಡಿನ ಬಾಗಿಲಲ್ಲೇ ಸಮ್ಮೇಳನ ಆಗಬೇಕು ಅನ್ನುವುದು ಬ್ರೆಜಿಲಿನ ಹಟ. ಒಳ್ಳೆಯ ಹಟವೇ. ಆದರೆ ಊರಿನಲ್ಲಿ ಅಷ್ಟು ಹೋಟೆಲ್ ಇಲ್ಲ. ಕೋಣೆಗಳ ಬಾಡಿಗೆ ಆಕಾಶಕ್ಕೆ ಏರಿತು. ಬಡ ದೇಶಗಳು ನಮ್ಮಿಂದ ಸಾಧ್ಯವಿಲ್ಲ, ಬೇರೆ ಊರಿಗೆ ಬದಲಾಯಿಸಿ ಅಂತ ಕೇಳಿದವು. ಕೊನೆಗೆ ಬ್ರೆಜಿಲ್ ಎರಡು ದೊಡ್ಡ ಪ್ರವಾಸಿ ಹಡಗುಗಳನ್ನು ತಂದು ನಿಲ್ಲಿಸಿತು. ಸುಮಾರು 6,000 ಹಾಸಿಗೆ ಅಲ್ಲಿ ಸಿಕ್ಕಿತು. ಬಾಡಿಗೆ ಅಂದರೆ ಸಣ್ಣ ವಿಷಯ ಅಂತ ಅನಿಸಬಹುದು. ಆದರೆ ಒಂದು ದ್ವೀಪದ ನಿಯೋಗದಲ್ಲಿ ಹತ್ತು ಜನರ ಬದಲು ನಾಲ್ಕು ಜನ ಬಂದರೆ ಏನಾಗುತ್ತದೆ ಯೋಚಿಸಿ. ಒಂದೇ ಹೊತ್ತಿಗೆ ಹತ್ತಾರು ಕೋಣೆಗಳಲ್ಲಿ ಚರ್ಚೆ ನಡೆಯುತ್ತಿರುತ್ತದೆ. ಹಣದ್ದು ಒಂದು ಕಡೆ, ಕಾಡಿನದ್ದು ಇನ್ನೊಂದು ಕಡೆ, ನಷ್ಟ ಪರಿಹಾರದ್ದು ಮತ್ತೊಂದು ಕಡೆ. ಶ್ರೀಮಂತ ದೇಶಗಳು ಪ್ರತಿ ಕೋಣೆಗೂ ಒಬ್ಬೊಬ್ಬ ವಕೀಲರನ್ನು ಕಳಿಸುತ್ತವೆ. ನಾಲ್ಕು ಜನ ಬಂದವರು ನಾಲ್ಕು ಕೋಣೆಯಲ್ಲಿ ಕೂರಬಹುದು, ಅಷ್ಟೇ. ಉಳಿದ ಕಡೆ ಅವರ ಮಾತು ಹೇಳಲು ಜನವೇ ಇಲ್ಲ.

ಬರುವವರ ಸಂಖ್ಯೆಯೂ ಏರಿದೆ. ಬರ್ಲಿನ್ನಿನಲ್ಲಿ ಕೆಲವೇ ಸಾವಿರ ಜನರಿದ್ದರು. ದುಬೈಯಲ್ಲಿ 80 ಸಾವಿರ ದಾಟಿತು. ಇಷ್ಟು ಜನರನ್ನು ಎರಡು ವಾರ ಇಟ್ಟುಕೊಳ್ಳುವುದು ಜಗತ್ತಿನ ಹೆಚ್ಚಿನ ದೇಶಗಳ ಕೈಯಲ್ಲಿ ಆಗುವ ಕೆಲಸವೇ ಅಲ್ಲ. ಹವಾಮಾನದ ಪೆಟ್ಟು ಮೊದಲು ತಿನ್ನುವ ದೇಶಗಳಿಗಂತೂ ಇಲ್ಲವೇ ಇಲ್ಲ. ಹಂಚಿಕೊಂಡು ನಡೆಸುವ ಮಾತು ಬರುವುದು ಇಲ್ಲಿಂದ.

ಜಾಗ ಕೊಡುವುದು ಬೇರೆ, ನಡೆಸುವುದು ಬೇರೆ

ನಮ್ಮಲ್ಲಿ ಹರಕೆ ಬಯಲಾಟ ಆಡಿಸುವುದನ್ನು ನೋಡಿದವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಆಟ ಆಡಿಸುವ ಮನೆಯವರು ಗದ್ದೆ ಕೊಡುತ್ತಾರೆ, ಚಪ್ಪರ ಹಾಕಿಸುತ್ತಾರೆ, ಚೌಕಿಗೆ ಜಾಗ ಮಾಡುತ್ತಾರೆ, ಬಂದವರಿಗೆಲ್ಲ ಊಟ ಹಾಕುತ್ತಾರೆ. ಖರ್ಚೆಲ್ಲ ಅವರದ್ದು. ಆದರೆ ಆಟ ಶುರುವಾದ ಮೇಲೆ ರಂಗಸ್ಥಳದ ಯಜಮಾನ ಭಾಗವತರು. ಯಾವ ಪದ್ಯ ಎಳೆಯಬೇಕು, ಯಾವ ಪಾತ್ರಕ್ಕೆ ಎಷ್ಟು ಹೊತ್ತು ಮಾತಿಗೆ ಬಿಡಬೇಕು, ಎಲ್ಲಿ ಜಾಗಟೆ ಬಾರಿಸಿ ಮುಂದಕ್ಕೆ ಹೋಗಬೇಕು, ಎಲ್ಲ ಅವರ ಕೈಯಲ್ಲಿ. ಹವಾಮಾನ ಸಮ್ಮೇಳನದಲ್ಲೂ ಹೀಗೆ ಎರಡು ಕೆಲಸ ಇದೆ: ಆತಿಥ್ಯ ಒಂದು, ಅಧ್ಯಕ್ಷತೆ ಇನ್ನೊಂದು. ಸಾಮಾನ್ಯವಾಗಿ ಎರಡೂ ಒಂದೇ ದೇಶದ್ದು. ಆದರೆ ಬೇರೆ ಬೇರೆ ಆಗಿರಲೂಬಹುದು.

ಅಧ್ಯಕ್ಷರ ಕೈಯಲ್ಲಿ ಒಂದು ಮರದ ಸುತ್ತಿಗೆ ಇರುತ್ತದೆ. ಕರಡು ಓದಿ, ಆಕ್ಷೇಪ ಇಲ್ಲ ಅಂತ ಕಂಡರೆ ಕುಟ್ಟುತ್ತಾರೆ. ಕುಟ್ಟಿದರೆ ತೀರ್ಮಾನ ಆಯಿತು. ಒಮ್ಮತ ಅಂದರೆ ಎಷ್ಟರ ಮಟ್ಟಿಗೆ ಒಮ್ಮತ ಅಂತ ಎಲ್ಲೂ ಬರೆದಿಲ್ಲ. ಅದನ್ನು ಕಣ್ಣಳತೆಯಲ್ಲಿ ನೋಡಿ ಹೇಳುವುದು ಆ ಕುರ್ಚಿಯಲ್ಲಿ ಕೂತವರು.

2010ರಲ್ಲಿ ಮೆಕ್ಸಿಕೊದ ಕಾನ್‌ಕುನ್‌ನಲ್ಲಿ ಬೊಲಿವಿಯಾ ಒಂದೇ ಎದ್ದು ಆಕ್ಷೇಪ ಹೇಳಿತು. ಅಧ್ಯಕ್ಷೆ ಪಟ್ರೀಷಿಯಾ ಎಸ್ಪಿನೋಸಾ, ಒಂದು ದೇಶದ ಆಕ್ಷೇಪ ಉಳಿದವರ ಒಮ್ಮತವನ್ನು ತಡೆಯಬಾರದು ಅನ್ನುವ ನಿಲುವು ತಳೆದು ಸುತ್ತಿಗೆ ಕುಟ್ಟಿದರು. ಸಭಾಂಗಣ ಚಪ್ಪಾಳೆ ಹೊಡೆಯಿತು. 2012ರಲ್ಲಿ ದೋಹಾದಲ್ಲೂ ಹೀಗೇ ಆಯಿತು. ಶ್ರೀಮಂತ ದೇಶಗಳು ಹೊಗೆ ತಗ್ಗಿಸಬೇಕು ಅನ್ನುವ ಕ್ಯೋಟೊ ಒಪ್ಪಂದದ ಎರಡನೇ ಅವಧಿಯ ತೀರ್ಮಾನವನ್ನು ರಷ್ಯಾದ ಆಕ್ಷೇಪ ಕೇಳಿಸಿಕೊಳ್ಳದೆ ಕುಟ್ಟಿ ಮುಗಿಸಿದರು. ರಷ್ಯಾ ಅದನ್ನು ಮರೆಯಲಿಲ್ಲ. 2013ರ ಜೂನಿನಲ್ಲಿ ಬಾನ್‌ನಲ್ಲಿ ನಡೆದ ಮಧ್ಯಂತರ ಸಭೆಯಲ್ಲಿ ಉಕ್ರೇನ್, ಬೆಲಾರೂಸ್ ಜೊತೆ ಸೇರಿ ಒಂದು ಸಮಿತಿಯ ಕಾರ್ಯಸೂಚಿಯನ್ನೇ ತಡೆಹಿಡಿಯಿತು. ಎರಡು ವಾರ ಆ ಸಮಿತಿಗೆ ಕೆಲಸವೇ ಆಗಲಿಲ್ಲ.

ನಮಗೆ ಹತ್ತಿರದ್ದು 2024ರ ಬಾಕು. ಅಭಿವೃದ್ಧಿಶೀಲ ದೇಶಗಳಿಗೆ 2035ರ ಹೊತ್ತಿಗೆ ವರ್ಷಕ್ಕೆ 300 ಶತಕೋಟಿ ಡಾಲರ್ ಅನ್ನುವ ತೀರ್ಮಾನ ಅದು. ಭಾರತ ಮಾತಾಡಲು ಅವಕಾಶ ಕೇಳಿತ್ತು. ಅದಕ್ಕೆ ಮೊದಲೇ ಅಧ್ಯಕ್ಷರು ಸುತ್ತಿಗೆ ಕುಟ್ಟಿಬಿಟ್ಟರು. ಆಮೇಲೆ ಭಾರತದ ಪ್ರತಿನಿಧಿ ಎದ್ದು ಖಾರವಾಗಿಯೇ ಹೇಳಿದರು: ಈ ಮೊತ್ತ ಸಾಲದು, ನಮ್ಮ ಮಾತು ಕೇಳದೆ ಮುಗಿಸಿದ್ದೂ ಸರಿಯಲ್ಲ. ಅವರ ಮಾತು ದಾಖಲೆಗೆ ಹೋಯಿತು, ತೀರ್ಮಾನ ಬದಲಾಗಲಿಲ್ಲ.

ಒಳ್ಳೆಯ ಅಧ್ಯಕ್ಷತೆ ಏನು ಮಾಡಬಲ್ಲದು ಅನ್ನುವುದಕ್ಕೆ ಕೋಪನ್‌ಹೇಗನ್ ಮತ್ತು ಪ್ಯಾರಿಸನ್ನು ಪಕ್ಕಪಕ್ಕ ಇಟ್ಟು ನೋಡಬೇಕು. 2009ರಲ್ಲಿ ಕೋಪನ್‌ಹೇಗನ್‌ನಲ್ಲಿ ಆತಿಥೇಯ ಡೆನ್ಮಾರ್ಕ್ ಕೆಲವೇ ದೇಶಗಳ ಜೊತೆ ಸೇರಿ ಮಾಡಿದ ಒಂದು ಕರಡು ಮೊದಲ ವಾರವೇ ಪತ್ರಿಕೆಗೆ ಸೋರಿತು. ನಮ್ಮನ್ನು ಬಿಟ್ಟು ಒಳಗೊಳಗೇ ಬರೆದಿದ್ದಾರೆ ಅಂತ ಬಡ ದೇಶಗಳಿಗೆ ಅನಿಸಿತು. ಹೋದ ನಂಬಿಕೆ ಮತ್ತೆ ಬರಲಿಲ್ಲ. ಆರು ವರ್ಷಗಳ ನಂತರ ಪ್ಯಾರಿಸ್‌ನಲ್ಲಿ ಫ್ರಾನ್ಸಿನ ವಿದೇಶಾಂಗ ಸಚಿವ ಲೊರಾಂ ಫಾಬ್ಯುಸ್ ಅಧ್ಯಕ್ಷರು. ದಕ್ಷಿಣ ಆಫ್ರಿಕಾ 2011ರ ಡರ್ಬನ್ ಸಮ್ಮೇಳನದಲ್ಲಿ ತನ್ನ ಊರಿನ ಪಂಚಾಯ್ತಿಕೆಯ ರೀತಿಯಲ್ಲಿ ಎಲ್ಲರನ್ನೂ ಕೂರಿಸಿ ಮಾತಾಡಿಸುವ ಕ್ರಮ ತಂದಿತ್ತು. ಫ್ರಾನ್ಸ್ ಅದನ್ನೇ ತೆಗೆದುಕೊಂಡಿತು. 2015ರ ಡಿಸೆಂಬರ್ 12ರಂದು ಪ್ಯಾರಿಸ್ ಒಪ್ಪಂದ ಆಯಿತು. ಹಿಂದಿನ ಆತಿಥೇಯರು ಕಲಿತದ್ದನ್ನು ಮುಂದಿನವರು ಎತ್ತಿಕೊಳ್ಳುವುದೂ ಒಂದು ಬಗೆಯ ಸಹಕಾರವೇ. ಸುದ್ದಿಯಲ್ಲಿ ಅದು ಕಾಣಿಸುವುದಿಲ್ಲ.

ಫಿಜಿಯ ಕುರ್ಚಿ, ಜರ್ಮನಿಯ ಅಂಗಳ

ಹಂಚಿಕೊಂಡ ಆತಿಥ್ಯಗಳಲ್ಲಿ ನನಗೆ ತುಂಬ ಹಿಡಿಸಿದ್ದು 2017ರದ್ದು. ಆ ವರ್ಷ ಏಷ್ಯಾ ಪೆಸಿಫಿಕ್ ಗುಂಪಿನ ಸರದಿ. ಫಿಜಿ ಮುಂದೆ ಬಂತು. ಅದು ಹತ್ತು ಲಕ್ಷವೂ ಜನ ಇಲ್ಲದ ದೇಶ. ನಮ್ಮ ಕಾಸರಗೋಡು ಜಿಲ್ಲೆಯಲ್ಲೇ ಅದಕ್ಕಿಂತ ಜಾಸ್ತಿ ಜನರಿದ್ದೇವೆ. 2016ರ ಫೆಬ್ರವರಿಯಲ್ಲಿ ವಿನ್‌ಸ್ಟನ್ ಚಂಡಮಾರುತ ಅಲ್ಲಿಗೆ ಅಪ್ಪಳಿಸಿ 44 ಜನ ಸತ್ತಿದ್ದರು. ದೇಶದ ಒಂದು ವರ್ಷದ ಒಟ್ಟು ಉತ್ಪನ್ನದ ಐದನೇ ಒಂದು ಪಾಲಿನಷ್ಟು ನಷ್ಟ ಒಂದೇ ಗಾಳಿಗೆ ಆಗಿತ್ತು. ಹವಾಮಾನದ ಬಗ್ಗೆ ಮಾತಾಡುವ ಅಧಿಕಾರ ಯಾರಿಗಾದರೂ ಇದ್ದರೆ ಇಂಥವರಿಗೆ ಇರಬೇಕು. ಆದರೆ ಇಪ್ಪತ್ತು ಸಾವಿರಕ್ಕೂ ಮೇಲ್ಪಟ್ಟ ಜನರನ್ನು ಆ ದ್ವೀಪಕ್ಕೆ ಕರೆಯುವುದು ಆಗದ ಮಾತು.

ಅದಕ್ಕೆ ಒಂದು ದಾರಿ ಮಾಡಿದರು. ಅಧ್ಯಕ್ಷತೆ ಫಿಜಿಯದ್ದು. ಸಮ್ಮೇಳನ ನಡೆಯುವುದು ಬಾನ್‌ನಲ್ಲಿ. ಜಾಗ, ಸೌಕರ್ಯ, ಖರ್ಚಿನ ದೊಡ್ಡ ಪಾಲು ಜರ್ಮನಿಯದ್ದು. ಫಿಜಿಯ ಪ್ರಧಾನಿ ಫ್ರಾಂಕ್ ಬೈನಿಮರಾಮ ಅಧ್ಯಕ್ಷರಾದರು. ಆ ಕುರ್ಚಿಯಲ್ಲಿ ಕೂತ ಮೊದಲ ಸಣ್ಣ ದ್ವೀಪ ರಾಷ್ಟ್ರ ಅದು. ರೈನ್ ನದಿಯ ದಂಡೆಯ ಉದ್ಯಾನದಲ್ಲಿ ದೊಡ್ಡ ದೊಡ್ಡ ಡೇರೆಗಳು ಎದ್ದವು. ಸಭಾಭವನದಲ್ಲಿ ‘ದ್ರುವ’ ಅನ್ನುವ ಫಿಜಿಯ ಹಾಯಿದೋಣಿ ತಂದಿಟ್ಟರು. ಮಾತುಕತೆ ನಡೆಯುವ ಭಾಗಕ್ಕೆ ‘ಬುಲಾ’ ಅಂತ ಫಿಜಿಯವರು ನಮಸ್ಕಾರ ಹೇಳುವ ಮಾತನ್ನೇ ಹೆಸರಾಗಿ ಇಟ್ಟರು.

ಇದು ಬರೀ ಅಲಂಕಾರಕ್ಕೆ ನಿಲ್ಲಲಿಲ್ಲ ಅನ್ನುವುದು ಮುಖ್ಯ. ಫಿಜಿಯವರು ‘ತಲನೋವ’ ಅನ್ನುವ ತಮ್ಮ ಊರಿನ ಕ್ರಮವನ್ನು ತಂದರು. ಒಬ್ಬರು ಇನ್ನೊಬ್ಬರ ಮೇಲೆ ತಪ್ಪು ಹೊರಿಸದೆ ಕೂತು ತಮ್ಮ ಕಥೆ ಹೇಳುವುದು. ನಾವು ಎಲ್ಲಿದ್ದೇವೆ, ಎಲ್ಲಿಗೆ ಹೋಗಬೇಕು, ಹೇಗೆ ಹೋಗುವುದು ಅನ್ನುವ ಮೂರು ಪ್ರಶ್ನೆ. 2018 ಇಡೀ ಅದು ನಡೆಯಿತು. ಮುಂದಿನ ಆತಿಥೇಯ ಪೋಲೆಂಡ್ ಜೊತೆ ಸೇರಿ ಫಿಜಿ ಅದನ್ನು ನಡೆಸಿತು. ಜರ್ಮನಿ ಜಾಗ ಕೊಟ್ಟು ಹಿಂದೆ ಸರಿದು ನಿಂತಿತು. ಹಣ ಕೊಟ್ಟವರು ಯಜಮಾನಿಕೆ ಮಾಡದೆ ಇದ್ದದ್ದು ದೊಡ್ಡ ವಿಷಯ ಅಂತ ನಾನು ಭಾವಿಸುತ್ತೇನೆ.

2019ರದ್ದು ಅವಸರದ ಜೋಡಿ. ಮೊದಲು ಬ್ರೆಜಿಲ್ ನಡೆಸುವುದಿತ್ತು. 2018ರ ಕೊನೆಗೆ ಸರ್ಕಾರ ಬದಲಾಗುವ ಹೊತ್ತಿಗೆ ಅದು ಕೈಬಿಟ್ಟಿತು. ಚಿಲಿ ವಹಿಸಿಕೊಂಡಿತು. ಸಮ್ಮೇಳನದ ತಯಾರಿ ಸಭೆಯನ್ನು ಕೋಸ್ಟಾರಿಕ ನಡೆಸಿಕೊಟ್ಟಿತು. ಅಷ್ಟರಲ್ಲಿ ಚಿಲಿಯ ರಾಜಧಾನಿ ಸ್ಯಾಂಟಿಯಾಗೊದಲ್ಲಿ ಜನ ಬೀದಿಗಿಳಿದರು. ಅಕ್ಟೋಬರ್ 30ರಂದು ಚಿಲಿ ದೇಶದ ಅಧ್ಯಕ್ಷ ಪಿನ್ಯೆರಾ ಇಲ್ಲಿ ನಡೆಸಲು ಆಗುವುದಿಲ್ಲ ಅಂದರು. ಸ್ಪೇನ್ ಕೂಡಲೇ ನಮ್ಮಲ್ಲಿ ಮಾಡಿ ಅಂತ ಮುಂದೆ ಬಂತು. ಡಿಸೆಂಬರ್ 2ಕ್ಕೆ ಮ್ಯಾಡ್ರಿಡ್‌ನಲ್ಲಿ ಸಮ್ಮೇಳನ ಶುರು! ಚಿಲಿಯ ಸಚಿವೆ ಕರೊಲಿನಾ ಶ್ಮಿಟ್ ಅವರೇ ಅಧ್ಯಕ್ಷತೆ ವಹಿಸಿದರು. ಒಂದು ತಿಂಗಳಲ್ಲಿ ಇಷ್ಟು ದೊಡ್ಡದನ್ನು ಎತ್ತಿ ನಿಲ್ಲಿಸಿದ್ದಕ್ಕೆ ಸ್ಪೇನನ್ನು ಮೆಚ್ಚಲೇಬೇಕು. ಆದರೆ ಅಟ್ಲಾಂಟಿಕ್ ಸಾಗರದ ಈಚೆಗೆ ಸಮ್ಮೇಳನ ಬಂದದ್ದರಿಂದ ಚಿಲಿಗೆ ಹೋಗಲು ತಯಾರಾಗಿದ್ದ ಲ್ಯಾಟಿನ್ ಅಮೆರಿಕದ ಹಳ್ಳಿಗಾಡಿನ ಸಂಘಟನೆಗಳಿಗೆ ತೊಂದರೆಯಾಯಿತು. ವಿಮಾನ ಹತ್ತದೆ ಹಾಯಿದೋಣಿಯಲ್ಲಿ ಅಮೆರಿಕಕ್ಕೆ ಹೋಗಿದ್ದ ಸ್ವೀಡನ್ನಿನ ಹವಾಮಾನ ಹೋರಾಟಗಾರ್ತಿ ಗ್ರೆಟಾ ಥನ್‌ಬರ್ಗ್ ಮತ್ತೆ ದೋಣಿ ಹುಡುಕಿ ಯುರೋಪಿಗೆ ವಾಪಸು ಬರಬೇಕಾಯಿತು. ಆ ಸಮ್ಮೇಳನ ಎರಡು ದಿನ ತಡವಾಗಿ ಮುಗಿಯಿತು. ಹೊಗೆ ಕಡಿತದ ಲೆಕ್ಕವನ್ನು ದೇಶಗಳು ಕೊಳ್ಳುವ, ಮಾರುವ ಇಂಗಾಲ ಮಾರುಕಟ್ಟೆಯ ನಿಯಮಗಳಂಥ ಮುಖ್ಯ ವಿಷಯ ಹಾಗೇ ಉಳಿಯಿತು.

2021ರ ಗ್ಲಾಸ್ಗೊದಲ್ಲಿ ಬ್ರಿಟನ್ನಿಗೆ ಇಟಲಿ ಜೊತೆಗಾರ. ತಯಾರಿ ಸಭೆ, ಯುವಜನರ ಸಭೆ ಮಿಲಾನ್‌ನಲ್ಲಿ ಆದವು, ಮುಖ್ಯ ಸಮ್ಮೇಳನ ಗ್ಲಾಸ್ಗೊದಲ್ಲಿ. ಇದು ಎರಡು ಶ್ರೀಮಂತ ದೇಶಗಳ ಸಲೀಸಾದ ಹಂಚಿಕೆ, ಹೆಚ್ಚು ಹೇಳುವಂಥದ್ದೇನಿಲ್ಲ.

ಅಂಟಾಲ್ಯದ ಹೊಸ ಪ್ರಯೋಗ

2026ರ ಸರದಿ ಪಶ್ಚಿಮ ಯುರೋಪ್ ಮತ್ತು ಇತರರ ಗುಂಪಿನದ್ದು. ಟರ್ಕಿ ನಮಗೆ ಬೇಕು ಅಂದಿತು. ಆಸ್ಟ್ರೇಲಿಯಾ, ಪೆಸಿಫಿಕ್ ದ್ವೀಪಗಳ ಜೊತೆ ಸೇರಿ ನಾವು ಅಡಿಲೇಡ್‌ನಲ್ಲಿ ನಡೆಸುತ್ತೇವೆ ಅಂದಿತು. ಯಾರೂ ಬಿಟ್ಟುಕೊಡಲಿಲ್ಲ. ಎಳೆದಾಟ ಬೆಲೆಮ್ ಸಮ್ಮೇಳನದ ಕೊನೆಯ ದಿನಗಳವರೆಗೂ ಹೋಯಿತು. ಬಗೆಹರಿಯದಿದ್ದರೆ ನಿಯಮದ ಪ್ರಕಾರ ಬಾನ್. ಜರ್ಮನಿಗೆ ಅದು ಬೇಕಿರಲಿಲ್ಲ.

ಕೊನೆಗೆ ಆದ ರಾಜಿ ಹೀಗಿದೆ. ಸಮ್ಮೇಳನ ಟರ್ಕಿಯ ಅಂಟಾಲ್ಯದಲ್ಲಿ, 2026ರ ನವೆಂಬರ್ 9ರಿಂದ 20ರವರೆಗೆ. ಅಧ್ಯಕ್ಷತೆಯೂ ಟರ್ಕಿಯದ್ದೇ. ಆದರೆ ಮಾತುಕತೆ ನಡೆಸುವ ಅಧಿಕಾರ ಆಸ್ಟ್ರೇಲಿಯಾದ ಸಚಿವ ಕ್ರಿಸ್ ಬೋವನ್ ಕೈಯಲ್ಲಿ. ಯಾರು ಯಾವ ಚರ್ಚೆ ನಡೆಸಬೇಕು, ಕರಡು ಹೇಗಿರಬೇಕು ಅನ್ನುವುದು ಅವರ ಕೆಲಸ. ತಯಾರಿ ಸಭೆ ಪೆಸಿಫಿಕ್‌ನಲ್ಲಿ. ಎರಡು ದೇಶಗಳ ನಡುವೆ ಭಿನ್ನಾಭಿಪ್ರಾಯ ಬಂದರೆ ಇಬ್ಬರಿಗೂ ಸಮಾಧಾನ ಆಗುವವರೆಗೆ ಮಾತಾಡಿಕೊಳ್ಳಬೇಕು.

ಒಂದು ದೇಶ ಅಧ್ಯಕ್ಷ, ಇನ್ನೊಂದು ದೇಶ ಮಾತುಕತೆಯ ಮುಂದಾಳು. ಹೀಗೆ ಹಿಂದೆ ಆಗಿರಲಿಲ್ಲ. ಫಿಜಿ ಮತ್ತು ಜರ್ಮನಿಯ ಹಂಚಿಕೆಯಲ್ಲಿ ಗೊಂದಲ ಇರಲಿಲ್ಲ: ಒಬ್ಬರದ್ದು ಚಪ್ಪರ, ಇನ್ನೊಬ್ಬರದ್ದು ಜಾಗಟೆ. ಅಂಟಾಲ್ಯದಲ್ಲಿ ಜಾಗಟೆಯೇ ಇಬ್ಬರ ನಡುವೆ ಇದೆ. ಕೊನೆಯ ರಾತ್ರಿ, ಎಲ್ಲರೂ ನಿದ್ದೆಗೆಟ್ಟು ಕೂತಿರುವಾಗ, ಒಂದು ಆಕ್ಷೇಪ ಕೇಳಿ ನಿಲ್ಲಬೇಕೋ ಕುಟ್ಟಿ ಮುಗಿಸಬೇಕೋ ಅಂತ ಕ್ಷಣದಲ್ಲಿ ತೀರ್ಮಾನಿಸಬೇಕಾಗುತ್ತದೆ. ಆಗ ಇಬ್ಬರೂ ಒಂದೇ ಮಾತು ಹೇಳುತ್ತಾರಾ? ನನಗೆ ಆತಂಕ ಇರುವುದು ಅಲ್ಲೇ. ಜೊತೆಗೆ ಬೇಸರವೂ ಇದೆ. ದ್ವೀಪದವರಿಗೆ ತಮ್ಮ ಕಡಲಿನ ಬದಿಯಲ್ಲಿ ಮುಖ್ಯ ಸಮ್ಮೇಳನ ಸಿಗುವುದಿತ್ತು, ಈಗ ತಯಾರಿ ಸಭೆ ಮಾತ್ರ ಸಿಕ್ಕಿದೆ. ಪೆಸಿಫಿಕ್‌ನ ನಾಯಕರು ಇದನ್ನು ಬಾಯಿಬಿಟ್ಟೇ ಹೇಳಿದರು. ಆದರೂ ಇದು ಏನೂ ಪ್ರಯೋಜನವಿಲ್ಲದ ರಾಜಿ ಅನ್ನಲಾರೆ. ಹೊರಗಿನ ಸಚಿವರೆಲ್ಲ ದ್ವೀಪಕ್ಕೇ ಹೋಗಿ, ಉಪ್ಪು ನೀರು ನುಗ್ಗಿದ ಬಾವಿಯನ್ನು ನೋಡಿ ಬಂದು ಆಮೇಲೆ ಅಂಟಾಲ್ಯದಲ್ಲಿ ಕೂರುವುದಾದರೆ, ಅದರಿಂದ ಲಾಭ ಆಗಬಹುದು.

ಭಾರತಕ್ಕೂ ಈ ಕೆಲಸ ಪೂರ್ತಿ ಹೊಸದಲ್ಲ. 2002ರಲ್ಲಿ ಎಂಟನೇ ಕಾಪ್ ದೆಹಲಿಯಲ್ಲಿ ನಡೆದಿತ್ತು. 2028ರ ಸಮ್ಮೇಳನವನ್ನು ಭಾರತದಲ್ಲಿ ನಡೆಸುವ ಪ್ರಸ್ತಾಪವನ್ನು ಪ್ರಧಾನಿ ಮೋದಿ 2023ರಲ್ಲಿ ದುಬೈಯಲ್ಲಿ ಇಟ್ಟಿದ್ದರು. ಪ್ರಸ್ತಾಪ ಇಡುವುದಕ್ಕೂ ಗುಂಪಿನ ಒಮ್ಮತ ಸಿಗುವುದಕ್ಕೂ ನಡುವೆ ಎಷ್ಟು ದೂರ ಇದೆ ಅನ್ನುವುದು ಮೇಲಿನ ಕಥೆಗಳಲ್ಲೇ ಇದೆ. ನನ್ನ ಆಸೆ ಏನೆಂದರೆ, ಏಷ್ಯಾದ ಸರದಿ ಬಂದಾಗಲೆಲ್ಲ ಜಾಗ ಯಾವ ದೊಡ್ಡ ದೇಶದ್ದೇ ಆಗಿರಲಿ, ಮಾಲ್ಡೀವ್ಸ್‌ನಂಥವರಿಗೆ, ಬಾಂಗ್ಲಾದೇಶದಂಥವರಿಗೆ ಕುರ್ಚಿಯಲ್ಲಿ ಪಾಲು ಸಿಗಬೇಕು. ಫಿಜಿ ಅದನ್ನು ಮಾಡಿ ತೋರಿಸಿದೆ.

ಈ ಸರದಿಯಲ್ಲಿ ನಮ್ಮ ಜಿಲ್ಲೆಗೆ ನೇರವಾಗಿ ತಾಗುವ ಕೆಲಸವೊಂದು ಮೂರು ಆತಿಥೇಯರ ಕೈ ದಾಟಿ ಹೋಗುತ್ತಿದೆ. ಬದಲಾದ ಹವಾಮಾನಕ್ಕೆ ಜನ ಎಷ್ಟರ ಮಟ್ಟಿಗೆ ಹೊಂದಿಕೊಳ್ಳುತ್ತಿದ್ದಾರೆ ಅಂತ ಅಳೆಯಲು ಬೆಲೆಮ್‌ನಲ್ಲಿ 59 ಸೂಚಕಗಳ ಒಂದು ಪಟ್ಟಿಯನ್ನು ಒಪ್ಪಿದರು. ನೀರು, ಆಹಾರ, ಆರೋಗ್ಯ, ಬದುಕಿನ ದಾರಿ ಎಲ್ಲ ಅದರಲ್ಲಿದೆ. ಪಟ್ಟಿ ಸರಿಯಾಗಿಲ್ಲ ಅಂತ ಹಲವು ದೇಶಗಳು ಅಲ್ಲೇ ತಕರಾರು ಎತ್ತಿದವು. ಹಾಗಾಗಿ ಅದನ್ನು ಇನ್ನೂ ತಿದ್ದಲು ಎರಡು ವರ್ಷ ಇಟ್ಟುಕೊಂಡಿದ್ದಾರೆ. ಬೆಲೆಮ್‌ನಲ್ಲಿ ಶುರುವಾದದ್ದು ಅಂಟಾಲ್ಯ ದಾಟಿ 2027ರಲ್ಲಿ ಅಡಿಸ್ ಅಬಾಬಾದಲ್ಲಿ ಮುಗಿಯಬೇಕು.

ಏತಡ್ಕದ ಕಡೆ ಹೋದವರು ಅಲ್ಲಿನ ಕಟ್ಟಗಳನ್ನು ನೋಡಿರಬಹುದು. ಮಳೆ ನಿಂತು ತೋಡಿನ ಹರಿವು ಇಳಿದ ಮೇಲೆ ಕೃಷಿಕರು ಸೇರಿ ಕಲ್ಲು, ಮಣ್ಣು ಹಾಕಿ ಅಡ್ಡ ಕಟ್ಟುತ್ತಾರೆ. ನೀರು ನಿಂತು ಇಂಗುತ್ತದೆ, ಬೇಸಿಗೆಯಲ್ಲಿ ಸುತ್ತಲಿನ ಬಾವಿ, ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗಗಳಲ್ಲಿ ನೀರು ಉಳಿಯುತ್ತದೆ. ಮಳೆಗಾಲ ಬಂದಾಗ ಕಟ್ಟವನ್ನು ಬಿಡಿಸುತ್ತಾರೆ, ಮರುವರ್ಷ ಮತ್ತೆ ಕಟ್ಟುತ್ತಾರೆ. ಇದಕ್ಕೆ ಸಿಮೆಂಟಿನ ಅಣೆಕಟ್ಟಿನ ಹಾಗೆ ಟೆಂಡರ್ ಇಲ್ಲ, ಬಿಲ್ಲು ಇಲ್ಲ. ಹಾಗಾಗಿ ಸರ್ಕಾರದ ಲೆಕ್ಕದ ಪುಸ್ತಕದಲ್ಲಿ ಇದು ಸುಲಭವಾಗಿ ಕಾಣಿಸುವುದಿಲ್ಲ. ಅಳತೆಗೋಲು ಬರೀ ಖರ್ಚು ಮಾಡಿದ ಹಣವನ್ನು ಎಣಿಸುತ್ತದಾ, ಊರಿನವರು ಸೇರಿ ಉಳಿಸಿದ ನೀರನ್ನೂ ಎಣಿಸುತ್ತದಾ ಅನ್ನುವುದು ಆ 59 ಸೂಚಕಗಳನ್ನು ತಿದ್ದುವ ಕೋಣೆಯಲ್ಲಿ ತೀರ್ಮಾನ ಆಗುತ್ತದೆ. ಆ ಕೋಣೆಗೆ ಯಾರನ್ನು ಕೂರಿಸಬೇಕು ಅಂತ ಅಂಟಾಲ್ಯದಲ್ಲಿ ಹೇಳುವವರು ಆಸ್ಟ್ರೇಲಿಯಾದವರು. ಅಡಿಸ್ ಅಬಾಬಾದಲ್ಲಿ ಆ ಮಾತು ಇಥಿಯೋಪಿಯಾದ್ದು.